ಗುಲಗಂಜಿ ಹುಳುವಿಗೆ ಚುಕ್ಕಿ ಬಿದ್ದದ್ದು

ಲೋಕಕ್ಕೆ ಇನ್ನೂ ಬಾಣಂತಿ ವಾಸನೆ ಹೋಗಿರದ ಕಾಲದ ಮಾತು ಇದು. ಯಾವ ಕಡೆ ಹರಿಯಬೇಕೆಂದು ಹೊಳೆ ಗಾಳಿಯನ್ನು ಕೇಳುತ್ತಿತ್ತು. ಗಾಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಗುಲಗಂಜಿ ಹುಳುವಿನ ಬೆನ್ನು ಆಗ ಬರೀ ಕೆಂಪು, ಒಂದು ಚುಕ್ಕಿಯೂ ಇರಲಿಲ್ಲ.

ಎರೆ ನೆಲದಲ್ಲಿ ಮೊಟ್ಟಮೊದಲು ಹತ್ತಿ ಬಿತ್ತಿದವಳು ದುಂಡವ್ವ. ಗಟ್ಟಿಗಿತ್ತಿ, ಆದರೆ ಮಹಾ ಅನುಮಾನದವಳು. ತನ್ನ ನೆರಳು ಹಿಂದೆ ಬಂದರೂ "ನಿನಗೇನ ಕೆಲಸ ಇಲ್ಲಿ?" ಎಂದು ಕೇಳುವಂಥವಳು.

ಹಾಗಂತ ಅವಳನ್ನು ಬೈಯಬೇಡ. ಹಿಂದಿನ ವರ್ಷ ಮಾಗಿಯ ಚಳಿಗೆ ಅವಳ ಕೂಸು ಹೊದಿಕೆಯಿಲ್ಲದೆ ತೀರಿಹೋಗಿತ್ತು. ಈಗ ಮತ್ತೆ ಬಸುರಿ, ಮಾಗಿಯಲ್ಲೇ ಹೆರಿಗೆ. ಹತ್ತಿ ಕೈಗೆ ಬಂದರೆ ಕೂಸಿಗೆ ಹೊದಿಕೆ, ಬರದಿದ್ದರೆ ಇಲ್ಲ. ಅಂಥವಳಿಗೆ ಅನುಮಾನ ಬರದೆ ಇನ್ನೇನು ಬರುತ್ತದೆ?

ಗಿಡ ಮೊಗ್ಗು ಬಿಡುವ ಹೊತ್ತಿಗೆ ಎಲೆಗಳು ಮುದುಡತೊಡಗಿದವು. ಮುಟ್ಟಿದರೆ ಕೈಗೆಲ್ಲ ಅಂಟು. ಯಾರೋ ರಸ ಹೀರುತ್ತಿದ್ದಾರೆ. ಯಾರು?

ದುಂಡವ್ವ ಇರುವೆಯನ್ನು ಕೇಳಿದಳು. "ನಾ ಅಲ್ಲವ್ವ, ನಾ ಬರೇ ಹಾದಿ ಹಿಡದು ಹೊಂಟಾಕಿ" ಎಂದಿತು ಇರುವೆ, ಬಾಯಿ ಒರೆಸಿಕೊಳ್ಳುತ್ತ.

ಎಲೆಯ ಅಡಿ ಗುಂಪುಗೂಡಿದ್ದ ಹೇನುಗಳನ್ನು ಕೇಳಿದಳು. ಸಾಸಿವೆಗಿಂತ ಸಣ್ಣವು, ಎಲೆಯ ಹಾಗೇ ಹಸಿರು. "ನಾವ ಇರೋದ ಇಷ್ಟ. ನಾವೆಷ್ಟ ತಿಂದೇವು?" ಎಂದವು.

ಆಮೇಲೆ ಗುಲಗಂಜಿ ಹುಳು ಕಣ್ಣಿಗೆ ಬಿತ್ತು. ಎಲೆ ಮುದುಡಿದ ಕಡೆಯಲ್ಲೆಲ್ಲ ಅದೇ.

"ಏನ ಮಾಡಾಕತ್ತಿ ಇಲ್ಲಿ?"

ಹುಳುವಿನ ಬಾಯಿ ತುಂಬಿತ್ತು. "ತಿನ್ನಾಕತ್ತೀನಿ" ಎಂದಿತು.

ಸರಿ, ಕಳ್ಳ ಸಿಕ್ಕ! ದುಂಡವ್ವ ಮುಂದೆ ಒಂದು ಮಾತೂ ಕೇಳಲಿಲ್ಲ. ಮನೆಗೆ ಹೋಗಿ ಬೇವಿನ ಬೀಜ, ಕಾಸರಕದ ಕಾಯಿ ಜಜ್ಜಿ ಕೊಡಕ್ಕೆ ಹಾಕಿದಳು. ಕಪ್ಪಗಾಗುವವರೆಗೆ ಕುದಿಸಿದಳು. ಆ ಕಹಿಯ ಘಾಟಿಗೆ ಒಲೆಯೇ ಕೆಮ್ಮಿತಂತೆ.

ಹೊಲದ ಬದುವಿನಲ್ಲಿ ಗಾಳಿ ಅಡ್ಡ ಬಂತು. "ದುಂಡವ್ವ, ಪೂರಾ ಹೊಲಕ್ಕ ಹಾಕಬ್ಯಾಡ. ಅರ್ಧಕ್ಕ ಹಾಕು, ಅರ್ಧ ಬಿಡು. ಆಮ್ಯಾಲೆ ಎರಡೂ ನೋಡು."

"ನೀ ಯಾರ ಕಡೆಯವ?" ಎಂದಳು ದುಂಡವ್ವ. ಎಲ್ಲರ ಮನೆಗೂ ನುಗ್ಗುವ ಗಾಳಿಯನ್ನು ನಂಬುವುದುಂಟೆ! ಆದರೆ ಅವಳಿಗೆ ಮದ್ದಿನ ಮೇಲೂ ಅನುಮಾನ ಇತ್ತು, ತಾನೇ ಕುದಿಸಿದ್ದಾದರೂ. ಗಿಡವೇ ಸುಟ್ಟುಹೋದರೆ? ಹಾಗಾಗಿ ಅರ್ಧ ಹೊಲ ಬಿಟ್ಟಳು.

ಬೇವಿನ ತೊಪ್ಪಲನ್ನು ಮದ್ದಿನಲ್ಲಿ ಅದ್ದಿ ಅದ್ದಿ ಸಾಲಿನುದ್ದಕ್ಕೂ ಚಿಮುಕಿಸಿದಳು. ಎಲೆಗಳ ಮೇಲೆ ಗುಲಗಂಜಿ ಹುಳುವಿನ ಮಕ್ಕಳಿದ್ದವು. ಕರಿ ಮೈ, ನೋಡಲು ಅವ್ವನ ಹಾಗಿರಲಿಲ್ಲ. ಅವು ಪಟಪಟ ಉದುರಿದವು. ಅವ್ವ ಅಡ್ಡ ಹಾರಿ ಬಂತು. ಮದ್ದಿನ ಹನಿಗಳು ಕೆಂಪು ಬೆನ್ನ ಮೇಲೆ ಬಿದ್ದು ಕಪ್ಪಗೆ ಕೂತವು. ಒಂದು ಹನಿ ಬಾಯಿಗೂ ಹೋಯಿತು. ಹುಳು ಹೇಗೋ ಬಿಟ್ಟ ಹೊಲದ ಕಡೆ ಹಾರಿತು.

ಮರುದಿನ ಮದ್ದು ಹಾಕಿದ ಕಡೆ ಒಂದು ಹುಳುವೂ ಇಲ್ಲ. "ನೋಡಿದೇನ?" ಎಂದಳು ದುಂಡವ್ವ ಗಾಳಿಗೆ.

ಆದರೆ ಮುದುಡಿದ ಎಲೆಯೊಳಗೆ ನಾಲ್ಕಾರು ಹೇನು ಬದುಕಿದ್ದವು. ಹಿಡಿದು ತಿನ್ನುವವರಿಲ್ಲ. ಮರಿ ಹಾಕಿದವು, ಮರಿಗಳು ಮರಿ ಹಾಕಿದವು. ಬೆಳಿಗ್ಗೆ ಹುಟ್ಟಿದ್ದು ಸಂಜೆಗೆ ಅಜ್ಜಿಯಾಗಿರುತ್ತಿತ್ತು. ಆ ಕಡೆಯ ಗಿಡವೆಲ್ಲ ಮಸಿ ಹಿಡಿದು ಮೊಗ್ಗು ಉದುರಿದವು.

ಮದ್ದು ಹಾಕಿದ್ದೇ ಹೀಗಾದರೆ ಬಿಟ್ಟದ್ದರ ಗತಿ ಏನೆಂದು ದುಂಡವ್ವ ಹೊಟ್ಟೆ ಹಿಡಿದುಕೊಂಡು ಓಡಿದಳು. ನೋಡಿದರೆ ಅಲ್ಲಿ ಎಲೆ ಅರಳಿದೆ, ಕಾಯಿ ಉಬ್ಬಿವೆ. ನಂಬಲಿಲ್ಲ. ಕುಕ್ಕರಗಾಲಲ್ಲಿ ಕೂತು ನೋಡಿದಳು, ನೋಡುತ್ತಲೇ ಇದ್ದಳು. ಗುಲಗಂಜಿ ಹುಳು ಒಂದು ಹೇನು ಹಿಡಿಯಿತು, ತಿಂದಿತು. ಇನ್ನೊಂದು ಹಿಡಿಯಿತು, ತಿಂದಿತು.

"ನೀ ಅವತ್ತ ತಿನ್ನಾಕತ್ತಿದ್ದು ಇದನ್ನ?"

"ಮತ್ತೇನ? ಏನ ತಿಂತಿ ಅಂತ ನೀ ಕೇಳಲೇ ಇಲ್ಲ. ನನ್ನ ಮಕ್ಕಳು ಆ ಕಡೆ ಸಾಲಿನ್ಯಾಗ ಇದ್ದೂವು."

ಕೂಸು ಕಳೆದುಕೊಂಡ ಸಂಕಟ ಎಂಥದ್ದೆಂದು ದುಂಡವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತಳು. "ತಪ್ಪಾತವ್ವ, ಬಾ" ಎಂದು ಅಂಗೈ ಚಾಚಿದಳು.

ಬೆರಳು ತಾಗಿದ್ದೇ ತಡ, ಹುಳು ಕಾಲು ಮಡಚಿ ಸತ್ತಂತೆ ಬಿತ್ತು. ಮೊಣಕಾಲಿನಿಂದ ಹಳದಿ ಹನಿಯೊಂದು ಅವಳ ಅಂಗೈಗೆ ಇಳಿಯಿತು, ಕಾಸರಕದಷ್ಟು ಕಹಿ.

"ನಿನ್ನ ಹೊಲ ಬಿಟ್ಟು ಹೋಗೂದಿಲ್ಲ" ಎಂದಿತು ಹುಳು, ಬಿದ್ದಲ್ಲಿಂದಲೇ. "ನಿನ್ನ ಕೈ ಮಾತ್ರ ನಂಬೂದಿಲ್ಲ."

ಉಳಿದ ಅರ್ಧ ಹೊಲದ ಹತ್ತಿಯಲ್ಲೇ ಹೊದಿಕೆಯಾಯಿತು. ಮಾಗಿಯಲ್ಲಿ ಹುಟ್ಟಿದ ಹೆಣ್ಣು ಕೂಸು ಅದರೊಳಗೆ ಬೆಚ್ಚಗೆ ಮಲಗಿ ಚಳಿ ದಾಟಿತು.

ನೀನೂ ಬೇಕಾದರೆ ಗುಲಗಂಜಿ ಹುಳುವನ್ನು ಮೆಲ್ಲಗೆ ಮುಟ್ಟಿ ನೋಡು. ಕಾಲು ಮಡಚಿ ಬೀಳುತ್ತದೆ, ಬೆರಳಿಗೆ ಹಳದಿ ಕಹಿ ಬಿಡುತ್ತದೆ. ನೀನು ಅದಕ್ಕೆ ಏನೂ ಮಾಡಿಲ್ಲ, ನಿಜ, ಆದರೆ ಯಾರು ಕೈ ಚಾಚಿದರೂ ಅದರ ಕಣ್ಣಿಗೆ ಇವತ್ತಿಗೂ ದುಂಡವ್ವನ ಕೈಯೇ ಕಾಣುತ್ತದೆ.