ಆಚೆ ದಡದ ಬೆಂಕಿ

ಹೊಳೆಯ ದಂಡೆಯಲ್ಲಿ ಒಂದು ಕ್ರೈಸ್ತ ಆಶ್ರಮ. ಅಲ್ಲಿ ಚೌರಪ್ಪ ಎಂಬ ಗುರುಗಳು, ಇನ್ನಾಸಪ್ಪ ಎಂಬ ಶಿಷ್ಯ, ಅಡುಗೆಯ ಜ್ಞಾನಮ್ಮ. ಪ್ರಭು ಮತ್ತೆ ಬರುತ್ತಾರೆ ಎಂದು ಮೂವರೂ ಕಾಯುತ್ತಿದ್ದರು. ಜ್ಞಾನಮ್ಮ ಕಾಯುತ್ತಲೇ ಅನ್ನ ಬೇಯಿಸುತ್ತಿದ್ದಳು.

ಇನ್ನಾಸಪ್ಪ ಅಂಬಿಗರ ಮನೆಯವನು. ಹುಟ್ಟು ಕೈಗೆ ಬಂದರೆ ಸಾಕು, ಸುಳಿ ಎಲ್ಲಿದೆ, ಬಂಡೆ ಎಲ್ಲಿದೆ ಎಂದು ಕೈಗೇ ತಿಳಿಯುತ್ತಿತ್ತು. ಅದು ದೇವರು ಕೊಟ್ಟದ್ದು ಎಂದು ಗುರುಗಳು ಹೇಳುತ್ತಿದ್ದರು. ಅವನು ಆಶ್ರಮಕ್ಕೆ ಸೇರಿದ ದಿನವೇ ಅಲ್ಲಿದ್ದ ತೊಗಲಿನ ಹರಿಗೋಲನ್ನು ಅವನಿಗೆ ಒಪ್ಪಿಸಿದ್ದರು.

“ಇದು ಪ್ರಭುವಿನದು. ಅವರು ಬರುವ ತನಕ ನಿನ್ನ ಕೈಯಲ್ಲಿರಲಿ.”

ಆ ಹೊಳೆಗೊಂದು ಪದ್ಧತಿಯಿತ್ತು. ಆಚೆ ದಡದಲ್ಲಿ ಬೆಂಕಿ ಕಂಡರೆ ಅಂಬಿಗ ಹೋಗಬೇಕು. ಯಾರು, ಯಾಕೆ ಎಂದು ಈಚೆಯಿಂದ ಕೂಗಿ ಕೇಳುವಂತಿಲ್ಲ. ಇನ್ನಾಸಪ್ಪ ಹೋಗುತ್ತಿದ್ದ. ಬಸುರಿಯರನ್ನು ದಾಟಿಸಿದ್ದ, ಆಡುಗಳನ್ನು ದಾಟಿಸಿದ್ದ, ಒಮ್ಮೆ ಕುಡಿದು ಹಾಡುತ್ತಿದ್ದ ಮದುಮಗನನ್ನೂ ದಾಟಿಸಿದ್ದ.

ಆಮೇಲೆ ಪಟ್ಟಣದಿಂದ ಒಬ್ಬ ಉಪದೇಶಿ ಬಂದರು. ಪ್ರಭುವಿನ ಬರುವಿಕೆ ಹತ್ತಿರವಾಗಿದೆ ಎಂದರು. ಕೊಟ್ಟದ್ದನ್ನು ಕೆಡಿಸಿಕೊಂಡವನನ್ನು ಪ್ರಭು ಹೊರಗಿನ ಕತ್ತಲೆಗೆ ದಬ್ಬುತ್ತಾರೆ, ಅಲ್ಲಿ ಹಲ್ಲು ಕಡಿಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ ಎಂದರು. ಇದನ್ನೆಲ್ಲ ಚೆನ್ನಾಗಿ ವರ್ಣಿಸಿ, ಮೀನು ಸಾರಿನ ಊಟ ಮುಗಿಸಿ, ಇನ್ನಾಸಪ್ಪನ ಹರಿಗೋಲಿನಲ್ಲೇ ಹೊಳೆ ದಾಟಿ ಹೋದರು.

ದಾಟುವಾಗ ಬಂಡೆ ತಗುಲಿ ಹರಿಗೋಲಿನ ತಳದಲ್ಲಿ ಗೀರು ಬಿತ್ತು.

ಬೆರಳುದ್ದದ ಗೀರು. ಅದನ್ನು ನೋಡಿದಂದಿನಿಂದ ಇನ್ನಾಸಪ್ಪನಿಗೆ ಆ ಹೊರಗಿನ ಕತ್ತಲೆಯ ಹೆದರಿಕೆ ಹತ್ತಿತು.

ಗೀರಿಗೆ ತೇಪೆ ಹಾಕಿದ. ಹರಿಗೋಲನ್ನು ಹೊತ್ತು ತಂದು ಆಶ್ರಮದ ಗುಡಿಯ ಅಂಗಳದಲ್ಲಿ, ಕಲ್ಲುಗಳ ಮೇಲೆ ಬೋರಲು ಹಾಕಿದ. ಮತ್ತೆ ನೀರಿಗೆ ಇಳಿಸಲಿಲ್ಲ. ಗಾಳಿಗೆ ಬಾಗಿಲು ಅಲುಗಿದರೂ ಎದ್ದು ಕೂರುತ್ತಿದ್ದ.

ಒಳ್ಳೇ ಛತ್ರಿ ಮಾಡಿಟ್ಟಿದ್ದೀಯ, ಮಳೆ ಬಂದರೆ ಕೆಳಗೆ ಕೂತು ಈರುಳ್ಳಿ ಹೆಚ್ಚುತ್ತೇನೆ ಎಂದಳು ಜ್ಞಾನಮ್ಮ. ಅವನು ನಗಲಿಲ್ಲ. ಗುರುಗಳು ಹರಿಗೋಲಿನ ಸುತ್ತ ಒಂದು ಸುತ್ತು ನಡೆದು ಒಳಗೆ ಹೋದರು.

ಬೇಸಿಗೆ ಕಳೆಯಿತು. ಒಂದು ಸಂಜೆ ಹೊಳೆ ಕೆಂಪಾಗಿ ಏರುತ್ತಿತ್ತು. ಆಚೆ ದಡದಲ್ಲಿ ಬೆಂಕಿ ಕಾಣಿಸಿತು.

ಜ್ಞಾನಮ್ಮ ಸೌಟು ಹಿಡಿದೇ ಹೊರಗೆ ಬಂದಳು.

“ಇನ್ನಾಸಪ್ಪಾ, ಬೆಂಕಿ.”

“ನೋಡಿದೆ.”

“ನೋಡಲಿ ಅಂತ ಹಾಕಿದ್ದಲ್ಲ ಕಣೋ ಅದು.”

ಅವನು ಗುಡಿಯೊಳಗೆ ಹೋಗಿ ಮೊಣಕಾಲೂರಿದ. ಪ್ರಭು ಇವತ್ತೇ ಬಂದರೆ ತಾನು ಅಲ್ಲೇ ಸಿಗಬೇಕು ಎಂಬುದು ಅವನ ಲೆಕ್ಕ. ಸ್ವಲ್ಪ ಹೊತ್ತಿಗೆ ಗುರುಗಳು ಬಂದು ಪಕ್ಕದಲ್ಲಿ ಕೂತರು.

“ಹೋಗಲ್ವಾ?”

“ಹೊಳೆ ಏರಿದೆ ಸ್ವಾಮಿ. ಹರಿಗೋಲು ಹರಿದುಹೋದರೆ ಪ್ರಭುವಿಗೆ ಏನು ಹೇಳಲಿ?”

“ಹರಿಯಿತು ಅನ್ನು.”

“ಬಿಡ್ತಾರಾ?”

“ಅವರ ಬಗ್ಗೆ ನಿನಗೆ ಇಷ್ಟು ಕೆಟ್ಟ ಅಭಿಪ್ರಾಯ ಇದೆ ಅಂತ ನನಗೆ ಗೊತ್ತಿರಲಿಲ್ಲ.”

ಗುರುಗಳು ಎದ್ದು ಹೋದರು. ಊಟಕ್ಕೆ ಹೋದರು ಎಂದುಕೊಂಡ ಇನ್ನಾಸಪ್ಪ ಕಣ್ಣು ಮುಚ್ಚಿದ. ಆಗ ಮರಳಿನ ಮೇಲೆ ಏನನ್ನೋ ಎಳೆಯುವ ಸದ್ದು ಕೇಳಿಸಿತು. ಹಿಂದೆಯೇ ಜ್ಞಾನಮ್ಮ ಅವನ ಹೆಸರು ಹಿಡಿದು ಕೂಗಿದಳು.

ಓಡಿ ಬಂದು ನೋಡಿದ. ಗುರುಗಳು ಹರಿಗೋಲಿನಲ್ಲಿದ್ದರು. ಜೀವಮಾನದಲ್ಲಿ ಹುಟ್ಟು ಹಿಡಿದವರಲ್ಲ. ಹರಿಗೋಲು ಬುಗುರಿಯಂತೆ ತಿರುಗುತ್ತಾ ಸುಳಿಯ ಕಡೆಗೆ ಹೊರಟಿತ್ತು.

ಇನ್ನಾಸಪ್ಪ ನೀರಿಗೆ ಹಾರಿದ. ಈಜಿ ಹೋಗಿ ಅಂಚು ಹಿಡಿದು ಹತ್ತಿ ಹುಟ್ಟು ಕಿತ್ತುಕೊಂಡ. ತಿರುಗುವುದು ನಿಂತಿತು. ಗುರುಗಳ ಪಾದ ಮುಳುಗುವಷ್ಟು ನೀರು ಒಳಗೆ ಬಂದಿತ್ತು.

“ಸೋರ್ತಾ ಇದೆ,” ಎಂದರು. “ಆ ಗೀರಿನಿಂದಲಾ?”

ಅವನು ಬಗ್ಗಿ ತಡವಿ ನೋಡಿದ. ತೇಪೆ ಗಟ್ಟಿಯಾಗಿಯೇ ಇತ್ತು. ಅದರ ಸುತ್ತಲಿನ ತೊಗಲು ಒಣಗಿ ಬಿರಿದಿತ್ತು. ನೀರು ಕಾಣದ ತೊಗಲು ಬಿರಿಯುತ್ತದೆ ಎಂದು ಅಂಬಿಗರ ಮನೆಯ ಕೂಸಿಗೂ ಗೊತ್ತು. ಹೆದರಿಕೆಯಲ್ಲಿ ಅವನೊಬ್ಬ ಮರೆತಿದ್ದ.

ಗುರುಗಳು ಬೊಗಸೆಯಲ್ಲಿ ನೀರು ಮೊಗೆದು ಚೆಲ್ಲತೊಡಗಿದರು. ಇನ್ನಾಸಪ್ಪ ಹುಟ್ಟು ಹಾಕಿದ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಕೈಗೆ ಮಾತ್ರ ದಾರಿ ಮರೆತಿರಲಿಲ್ಲ. ಸುಳಿಯನ್ನು ಬಳಸಿ, ಬಂಡೆಗಳ ನಡುವೆ ನುಸುಳಿ ಹೋದ.

ದಡ ಹತ್ತಿರವಾದಂತೆ ಬೆಂಕಿ ಸಣ್ಣದಾಗುತ್ತಿತ್ತು. ಹರಿಗೋಲು ಮರಳಿಗೆ ತಾಗುವ ಹೊತ್ತಿಗೆ ಆರಿಹೋಯಿತು.

ದಡದಲ್ಲಿ ಯಾರೂ ಇರಲಿಲ್ಲ.

ಹೆಜ್ಜೆ ಗುರುತುಗಳಿದ್ದವು. ಒಬ್ಬರವೇ. ನೀರಿನ ಅಂಚಿನವರೆಗೆ ಬಂದು, ಅಲ್ಲಿ ಆಚೀಚೆ ಓಡಾಡಿ, ತಿರುಗಿ ಪೊದೆಗಳ ಕಡೆಗೆ ಹೋಗಿದ್ದವು. ಇನ್ನಾಸಪ್ಪ ಕೂಗಿದ. ಇನ್ನೊಮ್ಮೆ ಕೂಗಿದ. ಪೊದೆಗಳ ಆಚೆ ಕತ್ತಲೆ ಕವಿಯುತ್ತಿತ್ತು. ಉತ್ತರ ಬರಲಿಲ್ಲ.

ಅವನು ತಿರುಗಿ ಈಚೆ ದಡ ನೋಡಿದ. ಗುಡಿಯ ಬಾಗಿಲು ಹಾರುಹೊಡೆದುಕೊಂಡಿತ್ತು. ಒಳಗಿನ ದೀಪ ಒಂದು ಚುಕ್ಕಿಯಷ್ಟು ಕಾಣುತ್ತಿತ್ತು. ಕಾಲ ಬಳಿ ಹರಿಗೋಲು ನೀರು ತುಂಬಿಕೊಂಡು ಕೂತಿತ್ತು.

“ಸ್ವಾಮಿ,” ಎಂದ. “ಪ್ರಭು ಈಗ ಬಂದುಬಿಟ್ಟರೆ?”

ಗುರುಗಳು ಬಗ್ಗಿ ಬೂದಿಯಲ್ಲಿ ಬೆರಳಿಟ್ಟರು. ಇನ್ನೂ ಬಿಸಿಯಿತ್ತು.

“ಬಂದು ಹೋಗಿದ್ದರೆ ಏನು ಮಾಡ್ತೀಯ, ಅದನ್ನು ಹೇಳು.”