ಗಾಳೆವ್ವ ಭಂಡಾರದ ಬೀಗ ತೆಗೆಸಿದ್ದು

ಹಿಂದೆ, ಬಹಳ ಹಿಂದೆ, ಎಷ್ಟು ಹಿಂದೆ ಅಂದರೆ ಈ ಕತೆ ಹೇಳಿದ ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡಿರದಷ್ಟು ಹಿಂದೆ, ಬಿಳಿಜಾಲಿ ಅನ್ನುವ ಊರಿನಲ್ಲಿ ಗಾಳೆವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಸುತ್ತಿನ ಹನ್ನೆರಡು ಹಳ್ಳಿಯಲ್ಲಿ ಅವಳ ಕೈ ಮುಟ್ಟದೆ ಭೂಮಿಗೆ ಬಂದವರು ಯಾರೂ ಇರಲಿಲ್ಲವಂತೆ. ಊರ ಗೌಡ ಮೀಸೆ ತಿರುವಿ ಜೋರು ಮಾಡಿದರೆ, "ಸುಮ್ಕಿರಪ್ಪಾ, ನೀನು ಕಾಲು ಮುಂದಾಗಿ ಬಂದೋನು. ಅವತ್ತಿಂದ ನಿಂದೆಲ್ಲಾ ತಿರುಗುಮುರುಗೇ" ಅನ್ನುತ್ತಿದ್ದಳಂತೆ. ಗೌಡ ಮೀಸೆ ಇಳಿಸಿಕೊಂಡು ಹೋಗುತ್ತಿದ್ದನಂತೆ.

ಆ ನಾಡಿನಲ್ಲಿ ಒಂದು ಪದ್ಧತಿ. ಹೆಂಗಸಿಗೆ ನೋವು ಶುರುವಾದ ಕೂಡಲೇ ಮನೆಯಲ್ಲಿ ಮುಚ್ಚಿದ್ದೆಲ್ಲ ತೆಗೆಯಬೇಕು, ಕಟ್ಟಿದ್ದೆಲ್ಲ ಬಿಚ್ಚಬೇಕು. ಪೆಟ್ಟಿಗೆಯ ಬೀಗ, ಗಡಿಗೆಯ ಮುಚ್ಚಳ, ಹೆಂಗಸರ ತುರುಬು, ಗಂಡಸರ ರುಮಾಲು, ದನದ ಹಗ್ಗ, ಎಲ್ಲ. ಮನೆಯಲ್ಲಿ ಒಂದೇ ಒಂದು ಗಂಟು ಉಳಿದರೂ ಕೂಸು ಹೊರಗೆ ಬರಲು ಒಲ್ಲೆ ಅನ್ನುತ್ತದೆ ಅಂತ ನಂಬಿಕೆ. ಗಾಳೆವ್ವ ಬಿಸಿನೀರಲ್ಲಿ ಕೈ ತೊಳೆಯುತ್ತಲೇ ಮೊದಲು ಕೇಳುವ ಮಾತು ಅದೇ: "ಬೀಗ ಎಲ್ಲ ತೆಗೆದ್ರಾ?" ಇದು ನಿಜವೇನವ್ವಾ ಅಂತ ಯಾರೋ ಸೊಸೆ ಮೆಲ್ಲಗೆ ಕೇಳಿದ್ದಕ್ಕೆ ಅವಳು ನಕ್ಕು, "ಕೂಸು ತರೋದು ಕೈ ಕಣವ್ವಾ. ಬೀಗ ತೆಗೆಸೋದು ಗಂಡಸರಿಗೆ ಒಂದು ಕೆಲಸ ಇರಲಿ ಅಂತ" ಅಂದಳಂತೆ. ಆದರೆ ತೆಗೆಸದೆ ಒಂದು ದಿನವೂ ಬಿಟ್ಟವಳಲ್ಲ ಅಂತಲೂ ಅಂತಾರೆ.

ಹೀಗಿರುವಾಗ ಒಂದು ದಿನ ಎರಡು ಊರಿಂದ ಒಂದೇ ಹೊತ್ತಿಗೆ ಕರೆ ಬಂತು. ಒಂದು ಊರು ಮೂಡಲಿಗೆ, ಇನ್ನೊಂದು ಪಡುವಲಿಗೆ. ಮೂಡಲ ಊರಲ್ಲಿ ಗಂಡು ಕೂಸು ಹುಟ್ಟಿತು. ಪಡುವಲ ಊರಿಗೆ ಅವಳು ಓಡಿ ಮುಟ್ಟುವಷ್ಟರಲ್ಲಿ ತಾಯಿ ಕೂಸು ಇಬ್ಬರೂ ಹೋಗಿದ್ದರು, ಮನೆಯವರು ಬಿಚ್ಚಿದ ತುರುಬನ್ನು ಕಟ್ಟಿಕೊಳ್ಳುವುದನ್ನೇ ಮರೆತು ಕೂತಿದ್ದರು. ಗಾಳೆವ್ವ ಮೂರು ದಿನ ಮನೆ ಬಿಟ್ಟು ಹೊರಬರಲಿಲ್ಲವಂತೆ. ಮೂರನೆಯ ದಿನ ಕೈ ನೋಡಿಕೊಂಡಳು. ಕೈ ನಡುಗುತ್ತಿತ್ತು. ಮನೆಯಲ್ಲಿ ಒಬ್ಬಳೇ ಮಗಳು ಹಾಲವ್ವ ಐದು ತಿಂಗಳ ಬಸುರಿ.

"ನಂದು ಎರಡು ಕೈ, ಹಳ್ಳಿ ಹನ್ನೆರಡು" ಅಂದಳು. "ಇದು ಸೂಲಗಿತ್ತಿ ಕೆಲಸ ಅಲ್ಲ, ಅರಮನೆ ಕೆಲಸ."

"ನನ್ನ ದಿನ ತುಂಬೋದ್ರೊಳಗೆ ಬರ್ತೀಯೇನವ್ವಾ?" ಅಂತ ಹಾಲವ್ವ ಕೇಳಿದಳು.

"ಬರದೆ? ಬರುವಾಗ ಇನ್ನೆರಡು ಕೈ ತರ್ತೀನಿ" ಅಂತ ಮಾತು ಕೊಟ್ಟು, ಬುತ್ತಿ ಕಟ್ಟಿಕೊಂಡು ಏಳು ದಿನ ನಡೆದಳಂತೆ.

ರಾಜಧಾನಿಯಲ್ಲಿ ದಿನಾ ಬೆಳಗಾದರೆ ಅರಮನೆಯ ಮುಂದೆ ಒಬ್ಬ ಡಂಗುರದವನು, "ನಾಡೆಲ್ಲ ಒಂದೇ ಮನೆ! ದೊರೆಯೇ ಯಜಮಾನ!" ಅಂತ ಸಾರುತ್ತಿದ್ದ. ಗಾಳೆವ್ವನಿಗೆ ಆ ಮಾತು ಬಹಳ ಹಿಡಿಸಿತು. ಸಭೆಗೆ ಹೋಗಿ ಕೇಳಿದಳು. ಹತ್ತು ಹಳ್ಳಿಗೊಂದು ಮದ್ದಿನ ಮನೆ ಬೇಕು, ಅದರಲ್ಲೊಬ್ಬ ವೈದ್ಯ, ಇಬ್ಬರು ಸೂಲಗಿತ್ತಿಯರು, ಅವರ ಕಾಳು ಅರಮನೆಯಿಂದ ಬರಬೇಕು, ಬಾಗಿಲಿಗೆ ಬಂದವರನ್ನು ನೀ ಯಾರು ಅಂತ ಕೇಳಬಾರದು.

ಆಗ ಭಂಡಾರಿ ನಾಗಿದೇವಯ್ಯ ಎದ್ದು ನಿಂತನಂತೆ. ಅರಮನೆಯ ಬೀಗದಕೈಗಳೆಲ್ಲ ಅವನ ಸೊಂಟದಲ್ಲಿ. ನಡೆದರೆ ಎತ್ತಿನ ಗಾಡಿ ಬಂದ ಹಾಗೆ ಗಲಗಲ ಸದ್ದು. "ನೋಡಮ್ಮಾ, ಕಾಯಿಲೆ ಕಸಾಲೆ, ಹೆರಿಗೆ ಬಾಣಂತನ ಅವರವರ ಮನೆ ವಿಚಾರ. ಅದಕ್ಕೆಲ್ಲ ಭಂಡಾರ ತೆಗೆಯೋಕಾಗುತ್ತಾ?"

"ಆನೆಗೆ ವೈದ್ಯ ಇದ್ದಾನಂತಲ್ಲ ಬುದ್ಧೀ?"

"ಆನೆ ಅರಮನೇದು."

"ನಾವು ಯಾರವರು?"

ಭಂಡಾರಿ ಸೊಂಟದ ಬೀಗದಕೈ ಸರಿಮಾಡಿಕೊಂಡ. ಸೇನಾಪತಿ, ಹೊಸ ಪಟಾಲಮ್ಮಿಗೇ ಕಾಳು ಸಾಲದು ಅಂತ ಗೊಣಗಿದ. ಗಾಳೆವ್ವ ಅವನ ಕಡೆ ತಿರುಗಿ, "ನಿಮ್ಮ ಸಿಪಾಯಿಗಳೇನು ಕತ್ತಿ ಹಿಡ್ಕೊಂಡೇ ಹುಟ್ಟಿದ್ರಾ ಯಪ್ಪಾ? ಬರಿಮೈಯಲ್ಲಿ ಮೊದಲು ನಮ್ಮ ಕೈಗೇ ಬಂದೋರು" ಅಂದಳು. ದೊರೆ ಮುಸಿಮುಸಿ ನಕ್ಕು, ನಾಳೆ ಬಾ ನೋಡೋಣ ಅಂದ.

ಆ ನಾಳೆ ಮೂರೂವರೆ ತಿಂಗಳು ನಡೆಯಿತು. ದೊರೆಗಳ ನಾಳೆ ಅಂದರೆ ಹಾಗೇ ಅಂತಾರೆ; ಆಗಲೂ ಹಾಗೇ ಇತ್ತು. ಗಾಳೆವ್ವ ಹೆಬ್ಬಾಗಿಲ ಕಟ್ಟೆಯ ಮೇಲೆ ಕೂತಳು. ಸುಮ್ಮನೆ ಕೂತು ಗೊತ್ತಿದ್ದರಲ್ಲವೇ? ಕಾವಲಿನವನ ಹಲ್ಲುನೋವಿಗೆ ಲವಂಗ ಇಟ್ಟಳು, ಅಡುಗೆಯವನ ಸೊಂಟ ನೀವಿದಳು, ಡಂಗುರದವನ ಗಂಟಲಿಗೆ ಕಷಾಯ ಕುಡಿಸಿದಳು. ಅವನ ಕೂಗು ಮೊದಲಿಗಿಂತ ಜೋರಾಯಿತು. ಹಾಲವ್ವನಿಗೆ ಆರು ತುಂಬಿತು, ಏಳು ತುಂಬಿತು, ಎಂಟು ತುಂಬಿ ಒಂಬತ್ತೂ ತುಂಬುತ್ತ ಬಂತು. ನಾಳೆ ಮಾತ್ರ ಬರಲಿಲ್ಲ.

ಒಂದು ಬೆಳಿಗ್ಗೆ ಗಾಳೆವ್ವ ಗಂಟು ಕಟ್ಟಿದಳು. ಈಗ ಹೊರಟರೆ ಮಗಳ ಹೆರಿಗೆಗೆ ಸರಿಯಾಗಿ ಮುಟ್ಟುತ್ತಿದ್ದಳು, ತಡೆದರೆ ಇಲ್ಲ. ದಾರಿಗೆ ಕಾಲಿಡಬೇಕು, ಅಷ್ಟರಲ್ಲಿ ಒಬ್ಬ ಹೆಂಗಸು ಸೆರಗು ಹಾರಿಸಿಕೊಂಡು ಓಡಿ ಬಂದಳು. ಭಂಡಾರಿಯ ಮನೆಗೆಲಸದ ಸಿದ್ದವ್ವ. "ಭಂಡಾರಿ ಮಗಳಿಗೆ ನೋವು ಬಂದು ಎರಡು ದಿನವಾಯ್ತು. ಕೂಸು ಅಡ್ಡ ನಿಂತಿದೆ ಅಂತ ಊರ ಸೂಲಗಿತ್ತಿ ಕೈಚೆಲ್ಲಿದಳು. ಬಾರಜ್ಜೀ."

ಗಾಳೆವ್ವ ಊರ ದಾರಿ ನೋಡಿದಳು. ಒಂದು ಉಸಿರು ಹೊತ್ತು ನೋಡಿದಳು ಅಂತಾರೆ. ಆಮೇಲೆ ಗಂಟನ್ನು ಕಟ್ಟೆಯ ಮೇಲಿಟ್ಟು, "ನೀರು ಕಾಯಿಸಿದ್ದೀರಾ?" ಅಂದಳು.

ಭಂಡಾರಿಯ ಮನೆಯಲ್ಲಿ ಬಿಚ್ಚುವುದೆಲ್ಲ ಬಿಚ್ಚಿತ್ತು. ಬಿಚ್ಚಿದ ದನಗಳು ಹೂತೋಟವನ್ನು ಮೇದು ಮುಗಿಸಿದ್ದವು. ಗಾಳೆವ್ವ ಹುಡುಗಿಯ ಹೊಟ್ಟೆ ನೋಡಿದಳು, ತನ್ನ ನಡುಗುವ ಕೈ ನೋಡಿದಳು, ಪಕ್ಕದ ಸಿದ್ದವ್ವನ ಕೈ ನೋಡಿದಳು. ರಾಗಿ ಬೀಸಿ ಬೀಸಿ ಗಟ್ಟಿಯಾದ, ನಡುಗದ ಕೈ. "ಕೈ ನಿಂದು, ಬುದ್ಧಿ ನಂದು. ನಾ ಹೇಳಿದಂಗೆ ಮಾಡು" ಅಂದಳು. ಆಮೇಲೆ ಬಾಗಿಲ ಕಡೆ ತಿರುಗಿ ರೂಢಿಯಂತೆ ಕೂಗಿದಳು: "ಬೀಗ ಎಲ್ಲ ತೆಗೆದ್ರಾ?"

ತೆಗೆದಿದ್ದೇವೆ ಅಂತ ಭಂಡಾರಿ ಹೇಳುವಷ್ಟರಲ್ಲಿ ಅವನ ಹೆಂಡತಿಯ ಕಣ್ಣು ಅವನ ಸೊಂಟಕ್ಕೆ ಬಿತ್ತಂತೆ.

"ಅದೇನ್ರೀ ಅದು?"

"ಇವು ಅರಮನೆ ಬೀಗ ಕಣೇ. ಮನೆಯದ್ದಲ್ಲ."

"ನಾಡೆಲ್ಲ ಒಂದೇ ಮನೆ ಅಂತ ಬೆಳಗಾದ್ರೆ ಕೂಗಿಸ್ತೀರಲ್ಲ, ಸುಳ್ಳಾ ಹಂಗಾದ್ರೆ? ಒಳಗೆ ಮಗಳು ಸಾಯ್ತಿದ್ದಾಳೆ, ಓಡ್ರೀ!"

ಭಂಡಾರಿ ಓಡಿದ. ರುಮಾಲಿಲ್ಲದೆ, ಕಚ್ಚೆ ಸಡಿಲವಾಗಿ, ಗಲಗಲ ಸದ್ದು ಮಾಡುತ್ತ ಓಡಿದ. ಭಂಡಾರ ತೆಗೆದ, ಕಣಜ ತೆಗೆದ, ಆಯುಧದ ಮನೆ ತೆಗೆದ, ಕೈಗೆ ಸಿಕ್ಕ ಬೀಗವನ್ನೆಲ್ಲ ತೆಗೆದ. ಆ ಭರಾಟೆಯಲ್ಲಿ ಆನೆಲಾಯದ ಬೀಗವನ್ನೂ ತೆಗೆದ. ಪಟ್ಟದಾನೆ ನಿಧಾನವಾಗಿ ಪೇಟೆಗೆ ಹೋಗಿ ಬೆಲ್ಲದಂಗಡಿಯ ಮುಂದೆ ನಿಂತಿತು. ಆನೆ ಹತ್ತು ಅಚ್ಚು ಬೆಲ್ಲ ತಿಂದಿತು ಅಂತ ಕೆಲವರು, ನೂರು ಅಂತ ಕೆಲವರು. ಆ ಅಂಗಡಿಯ ವಂಶದವರು ಸಾವಿರ ಅಂತಾರೆ.

ಗದ್ದಲ ಕೇಳಿ ದೊರೆ ಹೊರಗೆ ಬಂದ. ಬಂದು ನೋಡಿದರೆ ಅರಮನೆಯ ಒಂದು ಬಾಗಿಲೂ ಮುಚ್ಚಿಲ್ಲ, ಭಂಡಾರ ಹಾರು ಹೊಡೆದಿದೆ, ಮುಂದೆ ಭಂಡಾರಿ ತಲೆ ಕೆದರಿಕೊಂಡು ನಿಂತಿದ್ದಾನೆ. ಏನಿದು ಅಂತ ಕೇಳುವಷ್ಟರಲ್ಲಿ ಭಂಡಾರಿಯ ಮನೆಯ ಕಡೆಯಿಂದ ಕೂಸಿನ ಅಳು ಕೇಳಿಸಿತಂತೆ. ಅಂಥ ಜೋರಿನ ಅಳು ಆ ಬೀದಿಯಲ್ಲಿ ಮತ್ತೆ ಕೇಳಿಲ್ಲ ಅಂತಾರೆ. ಭಂಡಾರಿ ನಕ್ಕ, ಅತ್ತ, ಮೂಗೊರೆಸಿಕೊಂಡ. ಆಮೇಲೆ ನೆನಪಾಗಿ ಭಂಡಾರದ ಬಾಗಿಲೆಳೆದು ಬೀಗಕ್ಕೆ ಕೈ ಹಾಕಿದ.

"ತಡಿಯಪ್ಪಾ."

ಗಾಳೆವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಿದ್ದಳು. "ತಾಯಿ ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಹೆಣ್ಣು ಕೂಸು, ನಿನ್ನ ಥರ ಗಟ್ಟಿ ಮುಷ್ಟಿ. ಬೀಗ ಹಾಕೋದಾದ್ರೆ ಹಾಕು, ನಾ ಬೇಡ ಅನ್ನಲ್ಲ. ಆದ್ರೆ ನಾಡೆಲ್ಲ ಒಂದೇ ಮನೆ ಅಂದೋರು ನೀವು. ಈ ಮನೇಲಿ ಈ ಗಳಿಗೇಲಿ ನೋಯ್ತಾ ಇರೋಳು ಇನ್ನೊಬ್ಬಳಿಲ್ಲ ಅಂತ ಹೇಳು. ಹೇಳಿ ಹಾಕು."

ಭಂಡಾರಿಯ ಕೈ ಬೀಗದ ಮೇಲೇ ನಿಂತಿತು. ಆಮೇಲೆ ಅವನು ಬೀಗ ಬಿಟ್ಟು ದೊರೆಯ ಕಡೆ ತಿರುಗಿದ. "ಪ್ರಭೂ, ಇಷ್ಟು ದಿನ ಆಗೋದಿಲ್ಲ ಅಂತ ಹೇಳಿದವನು ನಾನು. ಆಗುತ್ತೆ. ಕಣಜ ತುಂಬಿದ ದಿನ ಮೊದಲ ಪಾಲು ಮದ್ದಿನ ಮನೆಗಳಿಗೆ ಎತ್ತಿಟ್ಟುಬಿಡೋಣ. ಆನೆಯ ಮೇವು, ಪಟಾಲಮ್ಮಿನ ಕಾಳು ಎಲ್ಲ ಆಮೇಲೆ. ಕೇಳಿದವರಿಗೆ ಕೊಡೋ ದಾನದ ಹಾಗಲ್ಲ, ವರ್ಷಾವರ್ಷ, ಯಾರೂ ಕೇಳದೆ." ದೊರೆ ಗಾಳೆವ್ವನ ಕಡೆ ನೋಡಿದ. "ನಾಳೆನಾ ಬುದ್ಧೀ?" ಅಂದಳು ಅವಳು. ದೊರೆ ಗಹಗಹಿಸಿ ನಕ್ಕು, "ಇವತ್ತೇ ಕಣಮ್ಮಾ" ಅಂದನಂತೆ.

ಇವತ್ತೇ ಅಂದರೆ ಕೈಗೆ ಸಿಕ್ಕ ವೈದ್ಯ ಯಾರು? ಆನೆ ವೈದ್ಯ. ಅವನನ್ನೇ ಬಿಳಿಜಾಲಿಗೆ ಹಾಕಿದರು. ಸಿದ್ದವ್ವ, ನೀ ಬರ್ತೀಯಾ ಅಂತ ಯಾರಾದರೂ ಕೇಳುವ ಮೊದಲೇ ಸೀರೆ ಗಂಟು ಕಟ್ಟಿ ನಿಂತಿದ್ದಳು. ಬೆಲ್ಲ ತಿಂದು ಹುರುಪಿನಲ್ಲಿದ್ದ ಆನೆಯ ಮೇಲೆ ಮೂವರೂ ಹತ್ತಿ, ಏಳು ದಿನದ ದಾರಿಯನ್ನು ಮೂರೇ ದಿನದಲ್ಲಿ ಮುಗಿಸಿದರಂತೆ. ಬಿಳಿಜಾಲಿಯ ಗೌಡ ಆನೆ ಕಂಡು ಅಟ್ಟ ಹತ್ತಿದನಂತೆ. ಹಾಲವ್ವ ಹೊಸಿಲು ಹಿಡಿದು ನಿಂತು, "ಇನ್ನೆರಡು ಕೈ ತರ್ತೀನಿ ಅಂದೆ, ಸೊಂಡಿಲನ್ನೂ ತಂದ್ಯಲ್ಲವ್ವಾ" ಅಂತ ನಕ್ಕಳು. ನಗುನಗುತ್ತಲೇ ಅವಳಿಗೆ ನೋವು ಬಂತು. ಕೂಸನ್ನು ಹಿಡಿದದ್ದು ಸಿದ್ದವ್ವ. ಗಾಳೆವ್ವ ಪಕ್ಕದಲ್ಲಿ ಕೂತು ಮಗಳ ತಲೆ ನೇವರಿಸಿದಳು ಅಷ್ಟೇ. ಅದಕ್ಕೆ ಕೈ ನಡುಗಿದರೂ ನಡೆಯುತ್ತದೆ. ಆನೆ ವೈದ್ಯ ಬಾಣಂತಿಗೆ ಅಂತ ಮೊದಲ ದಿನ ಒಂದು ಹಂಡೆ ಕಷಾಯ ಕಾಸಿದ. ಅದನ್ನು ಊರಿಗೆ ಊರೇ ಒಂದು ವಾರ ಕುಡಿಯಿತು. ಆ ವರ್ಷ ಯಾರಿಗೂ ನೆಗಡಿ ಬರಲಿಲ್ಲ ಅಂತಾರೆ.

ಗಾಳೆವ್ವ ಹೋದಳು, ದೊರೆಯೂ ಹೋದ. ಆದರೆ ಬಿಳಿಜಾಲಿಯ ಸೀಮೆಯಲ್ಲಿ ಇವತ್ತಿಗೂ ಸುಗ್ಗಿಯ ಕಾಳು ಮನೆಗೆ ಬಂದ ದಿನ ಮೊದಲ ಮೊರ ಗಾಳೆವ್ವನದು. ಅದು ಆಸ್ಪತ್ರೆಯಲ್ಲಿ ಮಲಗಿದವರ ಗಂಜಿಗೆ ಹೋಗುತ್ತದೆ. ಅಲ್ಲಿ ಹೊಸ ಆಸ್ಪತ್ರೆ ಕಟ್ಟಿದರೆ ಬಾಗಿಲಿಗೆ ಅಗುಳಿ ಹಾಕುವುದಿಲ್ಲ, ಬಡಗಿಗಳೇ ಒಪ್ಪುವುದಿಲ್ಲ. ಮತ ಕೇಳಲು, ಟೇಪು ಕತ್ತರಿಸಲು ದೊಡ್ಡವರು ಯಾರೇ ಬರಲಿ, ಹೂವಿನ ಹಾರ ಆದಮೇಲೆ ಊರಿನ ಹಿರಿಯ ಮುದುಕಿ ಮುಂದೆ ಬಂದು ತೆರೆದ ಬೀಗವೊಂದನ್ನು ಅವರ ಅಂಗೈಯಲ್ಲಿಡುತ್ತಾಳೆ. ಬೀಗದಕೈ ಕೊಡುವುದಿಲ್ಲ. ಕೈ ಎಲ್ಲಿ ಅಂತ ಅವರು ಕೇಳಿದರೆ, ಹೇಳುವ ಮಾತೂ ಆವತ್ತಿಂದ ಒಂದೇ:

"ಎಲ್ಲೋ ಒಬ್ಬಳು ಇನ್ನೂ ನೋಯ್ತಾ ಇದ್ದಾಳೆ ಸ್ವಾಮಿ. ಅವಳದ್ದಾಗಲಿ, ತಡೀರಿ."