ತಿಮ್ಮಾಜಮ್ಮನ ಇಪ್ಪತ್ತು ಕಿಲೋಮೀಟರ್

ಒಂದೂರು. ಆ ಊರಿಗೆಲ್ಲ ಒಬ್ಬಳೇ ಇಡ್ಲಿ ತಿಮ್ಮಾಜಮ್ಮ.

ತಿಮ್ಮಾಜಮ್ಮ ಒಂದು ಗಾಡಿ ಕೊಂಡಳು. ಎತ್ತಿನ ಗಾಡಿಯಲ್ಲ, ಪೆಟ್ರೋಲ್ ಹಾಕುವ ಗಾಡಿ. ಕೆಂಪು ಬಣ್ಣ. ಎರಡು ಚಕ್ರ. ಮುಂದೆ ಇಡ್ಲಿ ಪಾತ್ರೆ, ಹಿಂದೆ ಚಟ್ನಿ ಕ್ಯಾನು, ನಡುವೆ ತಿಮ್ಮಾಜಮ್ಮ.

ದಿನಾ ಬೆಳಿಗ್ಗೆ ಹೊರಡುವಳು. ಮೊದಲು ರೇಷ್ಮೆ ಮಿಲ್ಲು. ಆಮೇಲೆ ಕೆರೆ ಏರಿ. ಕೊನೆಗೆ ಇಟ್ಟಿಗೆ ಗೂಡು. ಇಟ್ಟಿಗೆ ಗೂಡಿನಲ್ಲಿ ಹನ್ನೆರಡು ಮಕ್ಕಳು. ಅಪ್ಪ ಅಮ್ಮ ಇಟ್ಟಿಗೆ ಹೊರುವರು. ಮಕ್ಕಳು ತಟ್ಟೆ ಹಿಡಿದು ತಿಮ್ಮಾಜಮ್ಮನಿಗಾಗಿ ಕಾಯುವರು.

ಹೋಗುವಾಗ ಹದಿನೈದು ಕಿಲೋಮೀಟರ್. ಬರುವಾಗ ಹದಿನೈದು. ದಿನಕ್ಕೆ ಮೂವತ್ತು. ಎರಡು ದಿನಕ್ಕೆ ಅರವತ್ತು. ಒಂದು ಲೀಟರ್ ಪೆಟ್ರೋಲ್ ಹಾಕಿದರೆ ಎರಡು ದಿನ ಓಡುತ್ತಿತ್ತು.

ಒಂದು ತಿಂಗಳಿಗೂ ಹೆಚ್ಚು ಹಾಗೇ ಓಡಿತು. ಆಮೇಲೆ ಒಂದು ದಿನ ಕೆರೆ ಏರಿ ದಾಟಿದ ಮೇಲೆ ಗಾಡಿ ಕರ್ ಕರ್ ಕರ್ ಎಂದಿತು. ನಿಂತೇ ಬಿಟ್ಟಿತು. ಪೆಟ್ರೋಲ್ ಖಾಲಿ.

ತಿಮ್ಮಾಜಮ್ಮ ಗಾಡಿ ತಳ್ಳಿದಳು. ತಳ್ಳಿ ತಳ್ಳಿ ಇಟ್ಟಿಗೆ ಗೂಡಿಗೆ ಬಂದಳು. ಹೊತ್ತು ನೆತ್ತಿಗೇರಿತ್ತು. ಇಡ್ಲಿ ಆರಿ ತಣ್ಣಗಾಗಿತ್ತು. ಮಕ್ಕಳು ತಟ್ಟೆ ಬೋರಲು ಹಾಕಿ ಮಲಗಿದ್ದರು. ದುರುಗಿ ಎಂಬ ಪುಟ್ಟ ಹುಡುಗಿ ಮಾತ್ರ ಎದ್ದು ಕೂತಿದ್ದಳು.

"ಅಜ್ಜಿ, ನಾವು ತುಂಬಾ ಹೊತ್ತು ಕಾದ್ವಿ" ಅಂದಳು ದುರುಗಿ.

ತಿಮ್ಮಾಜಮ್ಮನಿಗೆ ಸಿಟ್ಟು ಬಂತು.

ಸಿಟ್ಟು ಬಂದರೂ ಅವಳು ಗಾಡಿಗೆ ಬೈಯಲಿಲ್ಲ. ಅಳೆದಳು.

ಬಂಕಿಗೆ ಹೋದಳು. ಟ್ಯಾಂಕಿನ ಬಾಯಿ ತನಕ ಪೆಟ್ರೋಲ್ ತುಂಬಿಸಿದಳು. ಮೀಟರ್ ನೋಡಿದಳು. ಸಾವಿರದ ಇನ್ನೂರು. ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಎರಡು ದಿನ ಓಡಿಸಿದಳು. ಮತ್ತೆ ಮೀಟರ್ ನೋಡಿದಳು. ಸಾವಿರದ ಇನ್ನೂರ ಅರವತ್ತು. ಅಂದರೆ ಅರವತ್ತು ಓಡಿದೆ. ಮತ್ತೆ ಬಾಯಿ ತನಕ ತುಂಬಿಸಿದಳು. ಒಂದು ಲೀಟರ್ ಸಾಲಲಿಲ್ಲ. ಒಂದೂವರೆ ಲೀಟರ್ ಹಿಡಿಯಿತು.

ಒಂದೂವರೆ ಲೀಟರಿಗೆ ಅರವತ್ತು. ಅರ್ಧ ಲೀಟರಿಗೆ ಇಪ್ಪತ್ತು. ಒಂದು ಲೀಟರಿಗೆ ನಲವತ್ತು.

ಅರವತ್ತು ಇತ್ತು. ನಲವತ್ತು ಆಯಿತು. ಉಳಿದ ಇಪ್ಪತ್ತು ಎಲ್ಲಿ ಹೋಯಿತು?

ತಿಮ್ಮಾಜಮ್ಮ ಗಾಡಿ ಹತ್ತಿದಳು. ಕರ್ ಕರ್ ಕರ್. ಗಾಡಿ ಮಾರಿದ ಶೋರೂಮ್ ಷಣ್ಮುಖನ ಹತ್ತಿರ ಬಂದಳು.

"ಷಣ್ಮುಖಣ್ಣ, ನಿಮ್ಮ ಗಾಡಿ ಅರವತ್ತು ಓಡ್ತಿತ್ತು. ಈಗ ನಲವತ್ತು ಓಡ್ತಿದೆ. ನನ್ನ ಇಪ್ಪತ್ತು ಕಿಲೋಮೀಟರ್ ಹೋಯ್ತು. ಏನು ಅಂತ ನೋಡಿ."

ಷಣ್ಮುಖ ಫೋನ್ ನೋಡುತ್ತಿದ್ದ. ತಲೆ ಎತ್ತಲಿಲ್ಲ.

"ಸರ್ವಿಸ್ ಮಾಡಿಸಿದ್ರಾ?"

"ಹಂಗಂದ್ರೆ?"

"ಗಾಡಿ ಅಂದ್ಮೇಲೆ ಸರ್ವಿಸ್ ಮಾಡಿಸಬೇಕು ಅಮ್ಮ. ಅಷ್ಟೂ ಗೊತ್ತಿಲ್ವಾ?"

"ಕೊಡುವಾಗ ನೀವು ಹೇಳಿದ್ರಾ?"

"ನಾನು ಮಾರೋನು. ಮಾರಿದ್ದಾಯ್ತು. ನೋಡೋದು ಮೆಕ್ಯಾನಿಕ್ಕು."

ತಿಮ್ಮಾಜಮ್ಮನ ಮೂಗು ಕೆಂಪಾಯಿತು. ಗಾಡಿ ಹತ್ತಿದಳು. ಕರ್ ಕರ್ ಕರ್. ಮೆಕ್ಯಾನಿಕ್ ಮುನೀರನ ಹತ್ತಿರ ಬಂದಳು.

"ಮುನೀರಪ್ಪ, ಷಣ್ಮುಖ ನೋಡಲ್ಲ. ನನ್ನ ಇಪ್ಪತ್ತು ಕಿಲೋಮೀಟರ್ ನನಗೆ ಸಿಗಲ್ಲ. ನೀನು ಗಾಡಿ ಸರ್ವಿಸ್ ಮಾಡು."

ಮುನೀರ್ ಗಾಡಿಯ ಸುತ್ತ ಒಂದು ಸುತ್ತು ಬಂದ. ಮೂಗು ಮುಚ್ಚಿಕೊಂಡ.

"ಇದೇನಕ್ಕ, ಗಾಡಿನೋ ಇಟ್ಟಿಗೆನೋ? ಎಲ್ಲಿ ನೋಡಿದ್ರೂ ಕೆಂಪು ಧೂಳು, ಕೆಸರು. ಇದನ್ನ ನಾನು ಮುಟ್ಟಲ್ಲ. ತೊಳೆಸಿಕೊಂಡು ಬನ್ನಿ."

ತಿಮ್ಮಾಜಮ್ಮನ ಮೂಗು ಕೆಂಪಾಯಿತು, ಕಿವಿ ಕೆಂಪಾಯಿತು. ಗಾಡಿ ಹತ್ತಿದಳು. ಕರ್ ಕರ್ ಕರ್. ಗಾಡಿ ತೊಳೆಯುವ ನಿಂಗರಾಜುವಿನ ಹತ್ತಿರ ಬಂದಳು.

"ನಿಂಗರಾಜು, ಷಣ್ಮುಖ ನೋಡಲ್ಲ, ಮುನೀರ್ ಮುಟ್ಟಲ್ಲ. ನನ್ನ ಇಪ್ಪತ್ತು ಕಿಲೋಮೀಟರ್ ನನಗೆ ಸಿಗಲ್ಲ. ನೀನು ನೀರು ಬಿಡು."

ನಿಂಗರಾಜು ಪೈಪು ಸುತ್ತಿ ದಿಂಬು ಮಾಡಿಕೊಂಡು ಮಲಗಿದ್ದ. ಒಂದು ಕಣ್ಣು ತೆರೆದ.

"ನೀರು ಎಲ್ಲಿಂದ ಬಿಡ್ಲಿ ತಾಯಿ? ಮೋಟರ್ ಓಡ್ತಿಲ್ಲ. ಕಂಬದ ಮೇಲೆ ಫ್ಯೂಸ್ ಹೋಗಿದೆ. ಲೈನ್‌ಮ್ಯಾನ್ ಲೋಕಪ್ಪ ಹತ್ತಿ ಹಾಕ್ಬೇಕು."

"ಹೋಗಿ ಕರೆದ್ಯಾ?"

"ಅವನೇ ಬರ್ತಾನೆ ಬಿಡಿ." ನಿಂಗರಾಜು ಕಣ್ಣು ಮುಚ್ಚಿದ.

ತಿಮ್ಮಾಜಮ್ಮನ ಮೂಗು ಕೆಂಪಾಯಿತು, ಕಿವಿ ಕೆಂಪಾಯಿತು, ಕೆನ್ನೆ ಕೆಂಪಾಯಿತು. ಗಾಡಿ ಹತ್ತಿದಳು. ಕರ್ ಕರ್ ಕರ್. ಲೈನ್‌ಮ್ಯಾನ್ ಲೋಕಪ್ಪನ ಹತ್ತಿರ ಬಂದಳು.

"ಲೋಕಪ್ಪ, ಷಣ್ಮುಖ ನೋಡಲ್ಲ, ಮುನೀರ್ ಮುಟ್ಟಲ್ಲ, ನಿಂಗರಾಜು ನೀರು ಬಿಡಲ್ಲ. ನನ್ನ ಇಪ್ಪತ್ತು ಕಿಲೋಮೀಟರ್ ನನಗೆ ಸಿಗಲ್ಲ. ನೀನು ಕಂಬ ಹತ್ತು."

ಲೋಕಪ್ಪ ಟೀ ಕುಡಿಯುತ್ತಿದ್ದ. ಸೊರ್ರನೆ ಒಂದು ಗುಟುಕು ಎಳೆದ.

"ನಾನೇನು ಕೋತಿನಾ, ಹಂಗೇ ಹತ್ತೋಕೆ? ಏಣಿ ಬೇಕು. ನನ್ನ ಏಣೀನ ಪೇಂಟರ್ ಪೀಟರ್ ಒಯ್ದಿದ್ದಾನೆ. ಒಂದು ಗಂಟೆ ಅಂದ. ಎರಡು ದಿನ ಆಯ್ತು."

"ಎರಡು ದಿನದಿಂದ ಕೇಳಲಿಲ್ವಾ?"

"ಯಾಕೆ ಸುಮ್ನೆ ಜಗಳ?" ಇನ್ನೊಂದು ಗುಟುಕು. ಸೊರ್ರ್.

ತಿಮ್ಮಾಜಮ್ಮನ ಮೂಗು ಕೆಂಪಾಯಿತು, ಕಿವಿ ಕೆಂಪಾಯಿತು, ಕೆನ್ನೆ ಕೆಂಪಾಯಿತು, ಕಣ್ಣು ಕೆಂಪಾಯಿತು. ಗಾಡಿ ಹತ್ತಿದಳು. ಕರ್ ಕರ್ ಕರ್. ಬಸ್ ಸ್ಟ್ಯಾಂಡಿಗೆ ಬಂದಳು. ಅಲ್ಲಿ ದೊಡ್ಡ ಗೋಡೆ. ಗೋಡೆಗೆ ಏಣಿ. ಏಣಿಯ ತುದಿಯಲ್ಲಿ ಪೇಂಟರ್ ಪೀಟರ್. ಕೈಯಲ್ಲಿ ಬ್ರಶ್ಶು.

"ಪೀಟರಪ್ಪ, ಷಣ್ಮುಖ ನೋಡಲ್ಲ, ಮುನೀರ್ ಮುಟ್ಟಲ್ಲ, ನಿಂಗರಾಜು ನೀರು ಬಿಡಲ್ಲ, ಲೋಕಪ್ಪ ಕಂಬ ಹತ್ತಲ್ಲ. ನನ್ನ ಇಪ್ಪತ್ತು ಕಿಲೋಮೀಟರ್ ನನಗೆ ಸಿಗಲ್ಲ. ನೀನು ಏಣಿ ಕೊಡು."

"ಕೊಡಕ್ಕಾಗಲ್ಲಮ್ಮ" ಅಂದ ಪೀಟರ್ ಮೇಲಿನಿಂದ. "ಬರೆದು ಮುಗಿಸೋ ತನಕ ಇಳೀಬೇಡ ಅಂದಿದ್ದಾರೆ."

"ಯಾರು ಅಂದಿದ್ದು?"

"ಶೋರೂಮ್ ಷಣ್ಮುಖ. ಅವರದ್ದೇ ಜಾಹೀರಾತು ಇದು."

ತಿಮ್ಮಾಜಮ್ಮ ತಲೆ ಎತ್ತಿ ಓದಿದಳು. ಒಂದೊಂದು ಅಕ್ಷರವೂ ಎಮ್ಮೆಯಷ್ಟು ದೊಡ್ಡದು. ‘ಲೀಟರಿಗೆ ಅರ’ ಅಂತ ಬರೆದಿತ್ತು. ‘ವತ್ತು’ ಇನ್ನೂ ಬರೆಯಬೇಕಿತ್ತು.

ತಿಮ್ಮಾಜಮ್ಮ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಈಗ ಅವಳ ಮೂಗು, ಕಿವಿ, ಕೆನ್ನೆ, ಕಣ್ಣು ಎಲ್ಲವೂ ಗಾಡಿಗಿಂತ ಕೆಂಪಾಗಿತ್ತು. ಗಾಡಿ ಹತ್ತಿದಳು. ಕರ್ ಕರ್ ಕರ್. ಮತ್ತೆ ಶೋರೂಮ್ ಷಣ್ಮುಖನ ಹತ್ತಿರ ಬಂದಳು.

ಶೋರೂಮಿನಲ್ಲಿ ವಿಮಲಾ ಟೀಚರ್ ಇದ್ದರು. ಅವರು ಶಾಲೆಗೆ ಹೋಗಿಬರಲು ಹೊಸ ಗಾಡಿ ಕೊಳ್ಳುತ್ತಿದ್ದರು. ಷಣ್ಮುಖ ನಗುನಗುತ್ತಾ ಅವರ ಕೈಗೆ ಕೀ ಕೊಟ್ಟಿದ್ದ. ಆಗ ತಿಮ್ಮಾಜಮ್ಮ ಒಳಗೆ ಬಂದು ನಡುಮಧ್ಯೆ ನಿಂತಳು. ಕೂಗಲಿಲ್ಲ. ಒಂದೊಂದೇ ಮಾತು ನಿಧಾನಕ್ಕೆ ಆಡಿದಳು.

"ಷಣ್ಮುಖಣ್ಣ, ಕೇಳಿಸಿಕೊಳ್ಳಿ. ಪೀಟರ್ ಏಣಿ ಕೊಡಲ್ಲ, ಯಾಕಂದ್ರೆ ನೀವು ಬಿಡಲ್ಲ. ಏಣಿ ಇಲ್ಲ ಅಂತ ಲೋಕಪ್ಪ ಕಂಬ ಹತ್ತಲ್ಲ. ಕರೆಂಟಿಲ್ಲ ಅಂತ ನಿಂಗರಾಜು ನೀರು ಬಿಡಲ್ಲ. ತೊಳೆದಿಲ್ಲ ಅಂತ ಮುನೀರ್ ಮುಟ್ಟಲ್ಲ. ಸರ್ವಿಸ್ ಮಾಡಿಸಬೇಕು ಅಂತ ಮಾರುವಾಗ ಹೇಳಲಿಲ್ಲ, ಮಾರಿದ್ದಾಯ್ತು ಅಂತ ನೀವು ನೋಡಲ್ಲ. ನನ್ನ ಇಪ್ಪತ್ತು ಕಿಲೋಮೀಟರ್ ನನಗೆ ಸಿಗಲ್ಲ. ಹನ್ನೆರಡು ಮಕ್ಕಳು ಹಸಿದು ಕಾದಿದ್ರು. ನೀವು ಗೋಡೆ ಮೇಲೆ ಅರವತ್ತು ಅಂತ ಬರೆಸ್ತೀರ."



ವಿಮಲಾ ಟೀಚರ್ ಕೈಯಲ್ಲಿದ್ದ ಕೀ ನೋಡಿದರು.

"ಷಣ್ಮುಖ, ಸರ್ವಿಸ್ ವಿಷಯ ನನಗೂ ಹೇಳಲಿಲ್ಲವಲ್ಲ ನೀವು."

"ಹೇಳೋಣ ಅಂತಲೇ ಇದ್ದೆ ಮೇಡಂ."

"ಯಾವಾಗ?"

ವಿಮಲಾ ಟೀಚರ್ ಕೀ ಮೇಜಿನ ಮೇಲೆ ಇಟ್ಟರು.

"ಇವರ ಇಪ್ಪತ್ತು ಮೊದಲು ವಾಪಸ್ ಬರಲಿ. ಆಮೇಲೆ ನನ್ನ ಗಾಡಿ."

ಷಣ್ಮುಖ ಮೇಜಿನ ಮೇಲಿನ ಕೀ ನೋಡಿದ. ತಿಮ್ಮಾಜಮ್ಮನ ಮುಖ ನೋಡಿದ. ಫೋನ್ ಜೇಬಿಗೆ ಹಾಕಿದ. ಎದ್ದ.

ಬಸ್ ಸ್ಟ್ಯಾಂಡಿಗೆ ನಡೆದ. "ಪೀಟರ್, ಇಳಿ" ಅಂದ.

ಷಣ್ಮುಖ ಹೇಳಿದ, ಪೀಟರ್ ಏಣಿ ಕೊಟ್ಟ.

ಏಣಿ ಬಂತು, ಲೋಕಪ್ಪ ಟೀ ಲೋಟ ಇಟ್ಟು ಕಂಬ ಹತ್ತಿದ.

ಫ್ಯೂಸ್ ಹಾಕಿದ, ಕರೆಂಟ್ ಬಂತು. ಮೋಟರ್ ಗುರ್ರ್ ಅಂತು. ನಿಂಗರಾಜುವಿನ ದಿಂಬಿನೊಳಗಿಂದಲೇ ಜೊಯ್ಯೆಂದು ನೀರು ಹಾರಿತು. ನಿಂಗರಾಜು ದಡಬಡ ಎದ್ದ. ಗಾಡಿಗೆ ನೀರು ಬಿಟ್ಟ. ಕೆಂಪು ನೀರು ಹರಿಯಿತು, ಹರಿಯಿತು, ಆಮೇಲೆ ತಿಳಿಯಾಯಿತು.

ಗಾಡಿ ತೊಳೆದಾಯಿತು, ಮುನೀರ್ ಮುಟ್ಟಿದ. ಷಣ್ಮುಖನೂ ಉಳಿದವರೂ ಸುತ್ತ ನಿಂತು ನೋಡಿದರು.

ಸೀಟಿನ ಕೆಳಗೆ ಒಂದು ಡಬ್ಬಿ ಬಿಚ್ಚಿದ. ಗಾಡಿ ಉಸಿರಾಡುವ ಜಾಗ ಅದು. ಅದರೊಳಗೆ ಒಂದು ಜಾಲರಿ. ಜಾಲರಿ ತುಂಬಾ ಇಟ್ಟಿಗೆ ಧೂಳು, ಒಂದು ಹಿಡಿ.

"ಉಸಿರು ಕಟ್ಟಿತ್ತು ಅಕ್ಕ. ಪಾಪ, ಅದಕ್ಕೇ ಜಾಸ್ತಿ ಪೆಟ್ರೋಲ್ ಕುಡೀತಿತ್ತು."

ಜಾಲರಿ ಕೊಡವಿ ಚೊಕ್ಕ ಮಾಡಿದ. ಕಪ್ಪಗಾದ ಎಂಜಿನ್ ಆಯಿಲ್ ತೆಗೆದು ಹೊಸದು ಹಾಕಿದ. ಒಣಗಿದ ಚೈನಿಗೆ ಎಣ್ಣೆ ಬಿಟ್ಟ. ಬಿಗಿಯಾದ ಬ್ರೇಕ್ ಸಡಿಲ ಮಾಡಿದ. ಮೆತ್ತಗಾದ ಚಕ್ರಕ್ಕೆ ಗಾಳಿ ತುಂಬಿದ.

"ಇದೆಲ್ಲ ಎಷ್ಟು ದಿನಕ್ಕೊಂದು ಸಲ ಮಾಡಬೇಕು?" ಕೇಳಿದಳು ತಿಮ್ಮಾಜಮ್ಮ.

"ಗಾಳಿ ವಾರಕ್ಕೊಂದು ಸಲ. ನೀವು ಧೂಳಲ್ಲಿ ಓಡಿಸ್ತೀರಲ್ಲ, ಜಾಲರಿ, ಚೈನು ತಿಂಗಳಿಗೊಂದು ಸಲ. ಆಯಿಲ್ಲು ಯಾವಾಗ ಅಂತ ಪುಸ್ತಕದಲ್ಲಿದೆ. ಗಾಡಿ ಜೊತೆ ಪುಸ್ತಕ ಕೊಟ್ಟಿರ್ತಾರಲ್ಲ?"

"ಕೊಟ್ಟಿಲ್ಲ."

ಎಲ್ಲರೂ ಷಣ್ಮುಖನ ಕಡೆ ತಿರುಗಿದರು. ಷಣ್ಮುಖ ಓಡಿ ಹೋಗಿ ಪುಸ್ತಕ ತಂದು ಕೊಟ್ಟ.

ತಿಮ್ಮಾಜಮ್ಮ ಗಾಡಿ ಹತ್ತಿದಳು. ಕರ್ ಕರ್ ಇಲ್ಲ. ಸುಂಯ್ ಅಂತ ಹೋಯಿತು.

ಆದರೆ ತಿಮ್ಮಾಜಮ್ಮ ಸುಮ್ಮಸುಮ್ಮನೆ ನಂಬುವವಳಲ್ಲ. ಮತ್ತೆ ಅಳೆದಳು. ಟ್ಯಾಂಕಿನ ಬಾಯಿ ತನಕ ತುಂಬಿಸಿದಳು. ಮೀಟರ್ ನೋಡಿ ಬರೆದಳು. ಎರಡು ದಿನ ಓಡಿಸಿದಳು. ಅರವತ್ತು ಓಡಿತು. ಮತ್ತೆ ಬಾಯಿ ತನಕ ತುಂಬಿಸಿದಳು. ಒಂದೂವರೆ ಲೀಟರ್ ಹಿಡಿಯಲಿಲ್ಲ. ಒಂದೇ ಲೀಟರ್.

ಷಣ್ಮುಖ ನೋಡಿದ, ಪೀಟರ್ ಏಣಿ ಕೊಟ್ಟ, ಲೋಕಪ್ಪ ಕಂಬ ಹತ್ತಿದ, ನಿಂಗರಾಜು ನೀರು ಬಿಟ್ಟ, ಮುನೀರ್ ಗಾಡಿ ಮುಟ್ಟಿದ. ತಿಮ್ಮಾಜಮ್ಮನ ಇಪ್ಪತ್ತು ಕಿಲೋಮೀಟರ್ ತಿಮ್ಮಾಜಮ್ಮನಿಗೆ ಸಿಕ್ಕಿತು.

ಇಟ್ಟಿಗೆ ಗೂಡಿನ ಹನ್ನೆರಡು ಮಕ್ಕಳಿಗೆ ಬಿಸಿ ಇಡ್ಲಿ ಸಿಕ್ಕಿತು. ದುರುಗಿ ಐದು ತಿಂದಳು.

ಪೀಟರ್ ಗೋಡೆ ಬರೆದು ಮುಗಿಸಿದ. ‘ಲೀಟರಿಗೆ ಅರವತ್ತು’ ಅಂತ ಬರೆದ. ಅದರ ಕೆಳಗೆ, ತಿಮ್ಮಾಜಮ್ಮ ನಿಂತು ಹೇಳಿದ ಹಾಗೆ, ‘ಸರಿಯಾಗಿ ಸರ್ವಿಸ್ ಮಾಡಿಸಿದರೆ’ ಅಂತಲೂ ಬರೆದ. ಅಷ್ಟೇ ದೊಡ್ಡ ಅಕ್ಷರ.

ವಿಮಲಾ ಟೀಚರ್ ಕೀ ತೆಗೆದುಕೊಂಡರು. ಪುಸ್ತಕವನ್ನೂ ಕೇಳಿ ತೆಗೆದುಕೊಂಡರು.

ತಿಮ್ಮಾಜಮ್ಮನ ಸಿಟ್ಟು ಮಾತ್ರ ಪೂರ್ತಿ ಇಳಿಯಲಿಲ್ಲ. ಇಡ್ಲಿ ಮಾರಿ ಬರುವಾಗ ದಿನಾ ಶೋರೂಮಿನ ಮುಂದೆ ಗಾಡಿ ನಿಲ್ಲಿಸುವಳು. ಯಾರಾದರೂ ಹೊಸ ಗಾಡಿ ಕೊಂಡು ಹೊರಗೆ ಬಂದರೆ ತಡೆಯುವಳು.

"ನಿಂತ್ಕೊಳ್ಳಪ್ಪ. ಪುಸ್ತಕ ಕೊಟ್ರಾ? ಮೊದಲು ಟ್ಯಾಂಕ್ ಬಾಯಿ ತನಕ ತುಂಬಿಸು. ಮೀಟರ್ ನೋಡಿ ಬರೆದಿಟ್ಕೋ..."

ಮೊದಮೊದಲು ಷಣ್ಮುಖ ಮುಖ ಊದಿಸಿಕೊಂಡು ನೋಡುತ್ತಿದ್ದ. ಹೇಳುವುದು ತುಂಬಾ ಇತ್ತು, ತಿಮ್ಮಾಜಮ್ಮ ತುಂಬಾ ಹೊತ್ತು ನಿಲ್ಲುತ್ತಿದ್ದಳು. ಕೊನೆಗೊಂದು ದಿನ ಅವನೇ ಹೊರಗೆ ಬಂದ. ಅವಳಿಗೊಂದು ಕುರ್ಚಿ ಹಾಕಿದ.